ಮಿಕ್ಸಿ ತಿರುಗಿಸೋ ಕೈಗೆ ಡ್ರೋನ್ ಏನು ಮಹಾ!

“ಅಮ್ಮಾ, ಡ್ರೋನ್ ಕೊಡ್ಸಮ್ಮಾ...”

ರಜೆ ಹತ್ತಿರ ಬಂತೆಂದರೆ ಈಗ ಬಹಳಷ್ಟು ಮನೆಗಳಲ್ಲಿ ಇದೇ ರಾಗ. ಅದಕ್ಕೆ ನಾವು ಅಮ್ಮಂದಿರು ಮಾಡೋದು ಎರಡೇ ಕೆಲಸ. “ಬೇಡಪ್ಪಾ ಅದೆಲ್ಲಾ, ಕೈಗಿಯ್ ಕೊಯ್ಕೊಂಡೀಯ” ಅಂತ ಗದರಿಸೋದು. ಇಲ್ಲವೇ ಹಟ ತಾಳಲಾರದೆ ದುಡ್ಡು ಕೊಟ್ಟು ಸುಮ್ಮನಾಗೋದು. ಮೂರನೇ ದಾರಿಯೊಂದಿದೆ. ಮೇಜಿನ ಹತ್ತಿರ ಇನ್ನೊಂದು ಕುರ್ಚಿ ಎಳೆದುಕೊಂಡು ನಾವೂ ಕೂರೋದು!

ನಗಬೇಡಿ. ನಾನು ಓದಿದ್ದು ಬಿ.ಎ. ಫ್ಯೂಸ್ ಕಟ್ಟೋದು ಬಿಟ್ಟರೆ ಕರೆಂಟಿನ ಕೆಲಸ ಗೊತ್ತಿಲ್ಲದವಳು. ಆದರೂ ಎಂಟನೇ ಕ್ಲಾಸಿನ ಮಗನ ಜೊತೆ ಕೂತು ಅಂಗೈಯಗಲದ ಕ್ವಾಡ್‌ಕಾಪ್ಟರ್ ಜೋಡಿಸಿ, ಹಾರಿಸೋದನ್ನೂ ಕಲಿತೆ. ಆಗ ಗೊತ್ತಾಗಿದ್ದು ಇಷ್ಟು. ಈ ಹವ್ಯಾಸದಲ್ಲಿರೋ ಅಪಾಯಗಳು ಮೂರು: ಬಿಸಿ, ಹರಿತವಾದ ಅಲಗು, ಬೆಂಕಿ. ಇವು ಮೂರನ್ನೂ ದಿನಾ ಅಡುಗೆಮನೆಯಲ್ಲಿ ಪಳಗಿಸೋರು ಯಾರು? ನಾವೇ ತಾನೆ! ಹಾಗಿರುವಾಗ ದೂರ ನಿಂತು ಹೆದರೋದು ಯಾಕೆ?

ನಾಲ್ಕು ರೆಕ್ಕೆಯ ಗುಟ್ಟು

ಕ್ವಾಡ್ ಅಂದರೆ ನಾಲ್ಕು. ನಾಲ್ಕು ಮೂಲೆಗೆ ನಾಲ್ಕು ಮೋಟಾರ್, ಅದರ ಮೇಲೆ ನಾಲ್ಕು ರೆಕ್ಕೆ. ಎದುರುಬದುರು ಮೂಲೆಯ ಎರಡು ರೆಕ್ಕೆಗಳು ಗಡಿಯಾರದ ಮುಳ್ಳಿನಂತೆ ತಿರುಗಿದರೆ, ಉಳಿದೆರಡು ಅದಕ್ಕೆ ವಿರುದ್ಧವಾಗಿ ತಿರುಗುತ್ತವೆ. ಎಲ್ಲವೂ ಒಂದೇ ಕಡೆ ತಿರುಗಿದರೆ ಡ್ರೋನ್ ತಾನೇ ಬುಗುರಿಯಂತೆ ಸುತ್ತಿಬಿಡುತ್ತದೆ. ಮುಂದೆ ಹೋಗಬೇಕೆಂದರೆ ಹಿಂದಿನ ಎರಡು ಮೋಟಾರ್ ಜೋರಾಗಿ ತಿರುಗಬೇಕು. ಆಗ ಮೂತಿ ಬಾಗಿ ಮುಂದೆ ಸಾಗುತ್ತದೆ. ಅಷ್ಟೇ ಗುಟ್ಟು.

ಇದೇನೂ ನಿನ್ನೆ ಮೊನ್ನೆಯ ಯೋಚನೆಯಲ್ಲ. ಫ್ರಾನ್ಸಿನ ಎತಿಯೆನ್ ಓಮಿಶೆನ್ 1924ರಲ್ಲೇ ನಾಲ್ಕು ದೊಡ್ಡ ರೆಕ್ಕೆಗಳ ಯಂತ್ರದಲ್ಲಿ ತಾವೇ ಕೂತು ಒಂದು ಕಿಲೋಮೀಟರ್ ಸುತ್ತು ಹಾಕಿದ್ದರು. ಆದರೆ ಇಂಥ ಯಂತ್ರವನ್ನು ಅಲುಗಾಡದಂತೆ ನಿಲ್ಲಿಸೋದು ಮನುಷ್ಯನ ಕೈಗೆ ಬಲು ಕಷ್ಟ. ಈಗ ಆ ಕೆಲಸವನ್ನು ಕಡಲೆಕಾಳಿಗಿಂತ ಚಿಕ್ಕದಾದ ಸಂವೇದಕ ಮಾಡುತ್ತದೆ. ನಿಮ್ಮ ಮೊಬೈಲ್ ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಅಂಥದೇ ಸಂವೇದಕ. 2010ರ ಹೊತ್ತಿಗೆ ಹವ್ಯಾಸಿಗಳು ನಿಂಟೆಂಡೊ ವೀ ಎಂಬ ವಿಡಿಯೊ ಆಟದ ರಿಮೋಟ್ ಬಿಚ್ಚಿ, ಅದರೊಳಗಿನ ಸಂವೇದಕ ತೆಗೆದು ಕ್ವಾಡ್‌ಕಾಪ್ಟರ್‌ಗೆ ಹಾಕುತ್ತಿದ್ದರು. ಅದಕ್ಕಾಗಿ ಬರೆದ ‘ಮಲ್ಟಿವೀ’ ತಂತ್ರಾಂಶದ ಹೆಸರಲ್ಲಿ ‘ವೀ’ ಸೇರಿಕೊಂಡದ್ದು ಹೀಗೆ.

ಕೊಳ್ಳೋ ಮುಂಚೆ ಲೆಕ್ಕಾಚಾರ

ಸಾಮಾನು ತರೋ ಮೊದಲು ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡು ಕೈ ಪಳಗಿಸಿ. ಕಂಪ್ಯೂಟರ್‌ಗೆ ಜೋಡಿಸಬಹುದಾದ ರಿಮೋಟ್ ಒಂದನ್ನೇ ಮೊದಲು ಕೊಂಡರೆ ಆಯಿತು. ಮುಂದೆ ನಿಜವಾದ ಡ್ರೋನ್‌ಗೂ ಅದೇ ಬರುತ್ತದೆ. ಅಲ್ಲಿ ನೂರು ಸಲ ಬಿದ್ದರೂ ಒಂದು ರೂಪಾಯಿ ಖರ್ಚಿಲ್ಲ. ನಾನು ಮಧ್ಯಾಹ್ನದ ಊಟವಾದ ಮೇಲೆ ದಿನಾ ಅರ್ಧ ಗಂಟೆ, ಹೆಚ್ಚುಕಡಿಮೆ ಮೂರು ವಾರ ಇದನ್ನೇ ಮಾಡಿದೆ. ಮಗು ಮೂರು ದಿನಕ್ಕೇ ಬೇಸತ್ತು ಬಿಟ್ಟುಬಿಟ್ಟರೆ ನಿಮ್ಮ ದುಡ್ಡು ಉಳಿಯಿತು ಅಂದುಕೊಳ್ಳಿ.

ಎರಡನೆಯದು ತೂಕ. ನಮ್ಮ ದೇಶದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ‘ನ್ಯಾನೊ’. ಇದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ತೂಕ ಏರಿದಂತೆ ಕಟ್ಟುಪಾಡೂ ಏರುತ್ತದೆ. ಬಿದ್ದಾಗ ಆಗೋ ಪೆಟ್ಟೂ ಅಷ್ಟೇ. ಅಡುಗೆಮನೆಯ ತಕ್ಕಡಿಯಲ್ಲಿ ಬ್ಯಾಟರಿ ಸಮೇತ ತೂಗಿ ನೋಡಿ. ಮೂರು ಇಂಚಿನ ರೆಕ್ಕೆಯ ಪುಟ್ಟ ಡ್ರೋನ್ ಆರಾಮಾಗಿ ಈ ಮಿತಿಯೊಳಗೆ ಬರುತ್ತದೆ.

ಮೂರನೆಯದು, ಹೊರದೇಶದಿಂದ ಡ್ರೋನ್ ತರಿಸೋ ಆಸೆ ಬೇಡ. ಜೋಡಿಸಿದ್ದಾಗಲಿ, ಬಿಡಿಬಿಡಿಯಾದ ಪೂರ್ತಿ ಕಿಟ್ ಆಗಲಿ, ಆಮದಿಗೆ ಸರ್ಕಾರ 2022ರ ಫೆಬ್ರುವರಿಯಲ್ಲಿ ನಿಷೇಧ ಹಾಕಿದೆ. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ. ಹಾಗಾಗಿ ಇಲ್ಲಿನ ಅಂಗಡಿಗಳಲ್ಲೇ ಒಂದೊಂದಾಗಿ ಕೊಳ್ಳಿ. ಬೆಸುಗೆ ಕಡ್ಡಿ, ಸೀಸ, ಮಲ್ಟಿಮೀಟರ್ ಇವಕ್ಕೆಲ್ಲಾ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಬೇಕಾಗೋದು ಏನೇನು? ಕಾರ್ಬನ್ ಫೈಬರಿನ ಚೌಕಟ್ಟು, ನಾಲ್ಕು ಮೋಟಾರ್, ಎಲ್ಲವನ್ನೂ ನಿಭಾಯಿಸೋ ಒಂದು ಸರ್ಕ್ಯೂಟ್ ಬೋರ್ಡ್ (ಇದಕ್ಕೆ ಫ್ಲೈಟ್ ಕಂಟ್ರೋಲರ್ ಅಂತಾರೆ), ರಿಮೋಟಿನ ಮಾತು ಕೇಳಿಸಿಕೊಳ್ಳೋ ರಿಸೀವರ್, ಲಿಪೊ ಬ್ಯಾಟರಿ, ಅದರ ಚಾರ್ಜರ್. ರೆಕ್ಕೆ ಮಾತ್ರ ನಾಲ್ಕೈದು ಜೊತೆ ಹೆಚ್ಚಿಗೇ ಇರಲಿ, ಅವು ಬಳೆಯಿದ್ದ ಹಾಗೆ ಒಡೆಯುತ್ತವೆ! ಮೊದಲ ಡ್ರೋನ್‌ಗೆ ಕ್ಯಾಮೆರಾ ಬೇಡವೇ ಬೇಡ. ಖರ್ಚು ಕಡಿಮೆ ಅನ್ನೋದು ಒಂದು. ಪಕ್ಕದ ಮನೆಯವರ ತಾರಸಿ, ಬಾಲ್ಕನಿ ಕಡೆ ಕಣ್ಣು ಹಾಯಿಸಿದ ಮಾತು ಬರೋದು ಬೇಡ ಅನ್ನೋದು ಇನ್ನೊಂದು.

ಬೆಸುಗೆ ಅಂದ್ರೆ ಒಗ್ಗರಣೆ ಇದ್ದ ಹಾಗೆ

ಕಡ್ಡಿ ಚೆನ್ನಾಗಿ ಕಾಯದೆ ಸೀಸ ಕರಗದು. ಎಣ್ಣೆ ಕಾಯದೆ ಸಾಸಿವೆ ಸಿಡಿಯುತ್ತಾ, ಹಾಗೆ! ವೈರಿನ ತುದಿಗೂ ಬೋರ್ಡಿನ ಚುಕ್ಕಿಗೂ ಮೊದಲು ಬೇರೆ ಬೇರೆಯಾಗಿ ಸ್ವಲ್ಪ ಸೀಸ ಹಚ್ಚಿ, ಆಮೇಲೆ ಎರಡನ್ನೂ ಸೇರಿಸಿ ಕಾಯಿಸಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಮೊದಲು ಹಳೇ ವೈರಿನ ತುಂಡುಗಳ ಮೇಲೆ ಅಭ್ಯಾಸ ಮಾಡಿ. ಬೆಸುಗೆ ಹೊಳೆಯುತ್ತಾ ನುಣುಪಾಗಿದ್ದರೆ ಸರಿ, ಮಂಕಾಗಿ ಉಂಡೆಗಟ್ಟಿದ್ದರೆ ಮತ್ತೆ ಕಾಯಿಸಿ. ಕಿಟಕಿ ತೆರೆದಿರಲಿ. ಊಟದ ಮೇಜಿನ ಮೇಲೆ ಈ ಕೆಲಸ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಮಕ್ಕಳು ತಿಂಡಿ ಡಬ್ಬಿ ಮುಟ್ಟಬಾರದು. ಮಾಮೂಲಿ ಬೆಸುಗೆ ತಂತಿಯಲ್ಲಿ ಸೀಸದ ಅಂಶ ಇರುತ್ತದೆ, ನೆನಪಿರಲಿ.

ಎಲ್ಲಾ ಜೋಡಿಸಿದ ಮೇಲೆ ಬ್ಯಾಟರಿ ಸಿಕ್ಕಿಸೋ ಆತುರ ಬೇಡ. ಮಲ್ಟಿಮೀಟರ್ ‘ಬೀಪ್’ ಗುರುತಿನಲ್ಲಿಟ್ಟು ಬ್ಯಾಟರಿ ಸಿಕ್ಕಿಸೋ ಜಾಗದ ಪ್ಲಸ್, ಮೈನಸ್ ಎರಡಕ್ಕೂ ಮುಟ್ಟಿಸಿ. ಬಿಡದೆ ಬೀಪ್ ಅಂದರೆ ಎಲ್ಲೋ ಶಾರ್ಟ್ ಆಗಿದೆ. ಹುಡುಕಿ ಸರಿಪಡಿಸಿದ ಮೇಲೇ ಮುಂದಿನ ಹೆಜ್ಜೆ.

ಈಗ ಬಹಳ ಮುಖ್ಯವಾದ ಮಾತು. ಮನೆಯೊಳಗೆ ಪರೀಕ್ಷೆ ಮುಗಿಯೋ ತನಕ ರೆಕ್ಕೆ ಹಾಕಲೇಬಾರದು. ಪ್ಲಗ್ ಕಿತ್ತ ಮೇಲಲ್ಲವೇ ನಾವು ಮಿಕ್ಸಿ ಬ್ಲೇಡಿಗೆ ಕೈ ಹಾಕೋದು? ಇದೂ ಹಾಗೇ. ಬೋರ್ಡಿಗೆ ಬುದ್ಧಿ ಹೇಳೋ ಬೀಟಾಫ್ಲೈಟ್ ಎಂಬ ಉಚಿತ ತಂತ್ರಾಂಶವೂ “ರೆಕ್ಕೆ ತೆಗೆದಿದ್ದೇನೆ” ಅಂತ ನಾವು ಟಿಕ್ ಹಾಕಿದ ಮೇಲೇ ಮೋಟಾರ್ ಪರೀಕ್ಷೆಗೆ ಬಿಡುತ್ತದೆ.

ನಮ್ಮ ಹುಡುಗ “ಏನಾಗಲ್ಲ ಬಿಡಮ್ಮಾ, ಒಂದೇ ಸಲ ಹಾಕಿ ನೋಡೋಣ” ಅಂತ ಗೋಗರೆದ. ನಾನು ರೆಕ್ಕೆಗಳನ್ನು ಸೀರೆ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮೋಟಾರ್ ತಿರುಗಿಸಿ, ಪಕ್ಕಕ್ಕೆ ಕಾಗದದ ಚೂರು ತಾಗಿಸಿ ನೋಡಿದರೆ, ಒಂದು ಮೋಟಾರ್ ಉಲ್ಟಾ! ರೆಕ್ಕೆ ಹಾಕಿ ಮೇಲೆತ್ತಿದ್ದರೆ ಪಲ್ಟಿ ಹೊಡೆದು ನೇರ ಅವನ ಕಡೆಗೇ ಬರುತ್ತಿತ್ತೋ ಏನೋ. ಹುಡುಗನ ಮುಖ ಸಣ್ಣಗಾಯಿತು. ತಂತ್ರಾಂಶದಲ್ಲಿ ದಿಕ್ಕು ಬದಲಿಸೋಕೆ ಒಂದೇ ನಿಮಿಷ. ಆಮೇಲೆ ರೆಕ್ಕೆ ಕೇಳೋಕೆ ಅವನು ಅವಸರ ಮಾಡಲೇ ಇಲ್ಲ.

ಇನ್ನೊಂದು ಪರೀಕ್ಷೆ ಇದೆ. ರೆಕ್ಕೆ ಇಲ್ಲದೆ ಮೋಟಾರ್ ತಿರುಗುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ. ಮೋಟಾರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಅದು ಹಾರಲು ಯೋಗ್ಯವಲ್ಲ.

ಬ್ಯಾಟರಿ ಅನ್ನೋ ಕುಕ್ಕರ್

ಲಿಪೊ ಬ್ಯಾಟರಿ ಮೊಬೈಲ್ ಬ್ಯಾಟರಿಯ ಅಣ್ಣನೇ, ಆದರೆ ಗಟ್ಟಿ ಕವಚವಿಲ್ಲದ ಸಿಡುಕು ಅಣ್ಣ. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹಾರಿಸುವಾಗ 3.5ಕ್ಕೆ ಇಳಿಯಿತೆಂದರೆ ಕೆಳಗಿಳಿಸಿ. ಪುಟ್ಟ ಡ್ರೋನ್ ನಾಲ್ಕೈದು ನಿಮಿಷದಲ್ಲಿ ಅಷ್ಟಕ್ಕೆ ಬಂದುಬಿಡುತ್ತದೆ, ರಿಮೋಟಿನಲ್ಲಿ ಟೈಮರ್ ಇಡಿ. ಎತ್ತಿಡುವಾಗ ಪೂರ್ತಿ ತುಂಬಿಯೂ ಬೇಡ, ಖಾಲಿಯೂ ಬೇಡ. ಸೆಲ್‌ಗೆ 3.8 ವೋಲ್ಟ್ ಇರಲಿ.

ಸೆಲ್‌ಗಳನ್ನು ಸಮವಾಗಿ ತುಂಬೋ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಿ. 450 ಎಂಎಎಚ್ ಬ್ಯಾಟರಿಗೆ 0.45 ಆಂಪಿಯರ್ ಸಾಕು, ಬೇಗ ಆಗಲಿ ಅಂತ ಏರಿಸಬೇಡಿ. ಕುಕ್ಕರ್ ಇಟ್ಟು ಸಂತೆಗೆ ಹೋಗ್ತೀವಾ? ಚಾರ್ಜಿಗಿಟ್ಟಾಗಲೂ ಪಕ್ಕದಲ್ಲಿರಬೇಕು. ಹಾಸಿಗೆ, ಸೋಫಾ, ಗ್ಯಾಸ್ ಸಿಲಿಂಡರ್ ಹತ್ತಿರ ಬೇಡ. ಕಡಪ ಕಲ್ಲಿನ ಮೇಲೋ ಬರಿ ನೆಲದ ಮೇಲೋ ಇಡಿ. ಪಕ್ಕದಲ್ಲೊಂದು ಡಬ್ಬ ಮರಳಿರಲಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್ ಮಾಡಬೇಡಿ. ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಎಲ್ಲಿ ಹಾರಿಸೋದು?

ಮನೆ ಮುಂದಿನ ಪಾರ್ಕಿನಲ್ಲಿ ಅಂದುಕೊಂಡಿರಾ? ತಾಳಿ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆಕಾಶಕ್ಕೆ ಹಸಿರು, ಹಳದಿ, ಕೆಂಪು ಎಂಬ ಮೂರು ಬಣ್ಣ. ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಹಸಿರಿನಲ್ಲಿ ಸಾಮಾನ್ಯವಾಗಿ 400 ಅಡಿ ಎತ್ತರದವರೆಗೆ ಅಡ್ಡಿಯಿಲ್ಲ. ವಿಮಾನ ನಿಲ್ದಾಣದ ಸುತ್ತಮುತ್ತ ಈ ಮಿತಿ ಇನ್ನೂ ಬಿಗಿ. ಬೆಂಗಳೂರಿನಲ್ಲಂತೂ ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರು, ದೇವನಹಳ್ಳಿ ಅಂತ ದಿಕ್ಕಿಗೊಂದು ರನ್‌ವೇ. ಆದ್ದರಿಂದ ನಕ್ಷೆ ನೋಡದೆ ಹೊರಡಲೇಬೇಡಿ. ನೋಂದಣಿಯ ನಿಯಮವನ್ನೂ ಅವತ್ತೇ ಓದಿಕೊಳ್ಳಿ, ನಿಯಮಗಳು ಬದಲಾಗುತ್ತಿರುತ್ತವೆ. ನಾವು ರಜೆಗೆ ತಿಪಟೂರಿನ ಕಡೆಯ ತವರೂರಿಗೆ ಹೋದಾಗ, ನಕ್ಷೆ ನೋಡಿಕೊಂಡೇ ತೋಟದಿಂದ ದೂರದ ಖಾಲಿ ಹೊಲದಲ್ಲಿ ಕಲಿತದ್ದು.

ಮೊದಲ ಹಾರಾಟ

ಬೆಳಗಿನ ಹೊತ್ತು, ಗಾಳಿ ಇಲ್ಲದಾಗ ಒಳ್ಳೆಯದು. ಡ್ರೋನಿನ ಬಾಲ ನಿಮ್ಮ ಕಡೆಗಿರಲಿ, ನೀವು ಐದಾರು ಹೆಜ್ಜೆ ಹಿಂದೆ ನಿಲ್ಲಿ. ಮಕ್ಕಳು, ನಾಯಿ, ನೋಡೋಕೆ ಬಂದವರು ಎಲ್ಲರೂ ನಿಮ್ಮ ಬೆನ್ನ ಹಿಂದೆ. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ಮುಗಿದ ಮೇಲೆ ಮೊದಲು ಬ್ಯಾಟರಿ ಕೀಳೋದು, ಕೊನೆಗೆ ರಿಮೋಟ್ ಆಫ್.

ಸಾಮಾನ್ಯವಾಗಿ ರಿಮೋಟಿನ ಎಡಗಡ್ಡಿ ಏರಿಳಿಸೋದಕ್ಕೆ, ಮೂತಿ ತಿರುಗಿಸೋದಕ್ಕೆ. ಬಲಗಡ್ಡಿ ಹಿಂದೆ ಮುಂದೆ, ಅಕ್ಕಪಕ್ಕ ಸಾಗಿಸೋದಕ್ಕೆ. ಕೈಬಿಟ್ಟರೆ ತಾನೇ ಸಮವಾಗೋ ‘ಆಂಗಲ್ ಮೋಡ್’ನಲ್ಲೇ ಶುರು ಮಾಡಿ. ನೆಲಕ್ಕೆ ತೀರಾ ಹತ್ತಿರದಲ್ಲಿ ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ಡ್ರೋನ್ ತೂರಾಡುತ್ತದೆ. ಹೆದರದೆ ಸೊಂಟದೆತ್ತರಕ್ಕೆ ಏರಿಸಿ, ಅಲ್ಲೇ ನಿಲ್ಲಿಸೋದನ್ನು ಕಲಿಯಿರಿ. ಒಂದು ಬ್ಯಾಟರಿ ಪೂರ್ತಿ ಬರೀ ನಿಲ್ಲಿಸೋದೇ ಪಾಠ. ಆಮೇಲೆ ಎಡ, ಬಲ. ಕೊನೆಗೆ ಮೂತಿ ನಮ್ಮ ಕಡೆ ತಿರುಗಿಸಿಕೊಂಡು. ಆಗ ಎಡ ಬಲ ಎಲ್ಲಾ ಉಲ್ಟಾ, ಕನ್ನಡಿ ನೋಡಿಕೊಂಡು ಬೈತಲೆ ತೆಗೆದ ಹಾಗೆ!

ಕೈತಪ್ಪಿತು ಅನ್ನಿಸಿದರೆ ಉಳಿಸೋ ಸಾಹಸ ಬೇಡ. ಮೋಟಾರ್ ನಿಲ್ಲಿಸೋ ಸ್ವಿಚ್ ಎಳೆದುಬಿಡಿ. ಬಿದ್ದರೆ ರೆಕ್ಕೆ ಹೋದೀತು, ಅಷ್ಟೇ. ಬಿದ್ದ ಡ್ರೋನ್ ಹತ್ತಿರ ಓಡೋ ಮೊದಲು ಆ ಸ್ವಿಚ್ ಇನ್ನೊಮ್ಮೆ ನೋಡಿಕೊಳ್ಳಿ.

ನಮಗ್ಯಾಕೆ ಇದೆಲ್ಲ?

“ಹೆಂಗಸರಿಗ್ಯಾಕಮ್ಮಾ ಈ ಉಸಾಬರಿ?” ಅಂತ ನಮ್ಮತ್ತೆಯೂ ಕೇಳಿದ್ದರು. ಈಗ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹೊಲಕ್ಕೆ ಔಷಧಿ ಸಿಂಪಡಿಸೋ ದೊಡ್ಡ ಡ್ರೋನ್ ಹಾರಿಸುತ್ತಿದ್ದಾರೆ. 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ‘ನಮೋ ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಂಪುಟ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹೊಲದಲ್ಲಿ ದುಡಿಯೋ ಅಕ್ಕನಿಗೆ ಸಾಧ್ಯವಾದದ್ದು ನಮಗೆ ಯಾಕಾಗದು?

ಎಲ್ಲಕ್ಕಿಂತ ದೊಡ್ಡ ಲಾಭ ಬೇರೆಯದೇ. ಗೊತ್ತಿಲ್ಲದೆ “ಬೇಡ” ಅನ್ನೋ ಅಮ್ಮನ ಮಾತು ಮಕ್ಕಳ ಕಿವಿಗೆ ಬೀಳೋದಿಲ್ಲ. ಗೊತ್ತಿದ್ದು “ಈಗ ಬೇಡ, ಮೊದಲು ಇದನ್ನು ನೋಡು” ಅನ್ನೋ ಅಮ್ಮನ ಮಾತು ಕೇಳುತ್ತಾರೆ. ಮತ್ತೆ, ಮದುವೆಯಾದ ಮೇಲೆ ನಮಗೋಸ್ಕರ ಅಂತ ಹೊಸದಾಗಿ ಏನಾದರೂ ಕಲಿತದ್ದು ಯಾವಾಗ, ಒಮ್ಮೆ ನೆನಪಿಸಿಕೊಳ್ಳಿ. ಈ ರಜೆಯಲ್ಲಿ ಮೇಜಿನ ಹತ್ತಿರ ಇನ್ನೊಂದು ಕುರ್ಚಿ ಹಾಕೋಣ. ಏನಂತೀರಿ?

ಇವಿಷ್ಟು ಮರೆಯಬೇಡಿ

* ಮನೆಯೊಳಗೆ ಪರೀಕ್ಷೆ ಮಾಡುವಾಗ ರೆಕ್ಕೆ ಬೀರುವಿನಲ್ಲಿರಲಿ.
* ಮೊದಲ ಸಲ ಬ್ಯಾಟರಿ ಸಿಕ್ಕಿಸೋ ಮುಂಚೆ ಮಲ್ಟಿಮೀಟರ್ ಪರೀಕ್ಷೆ ಕಡ್ಡಾಯ.
* ರಾತ್ರಿ ಮಲಗುವಾಗ, ಮನೆಯಿಂದ ಹೊರಗೆ ಹೋಗುವಾಗ ಚಾರ್ಜಿಗಿಡಬೇಡಿ.
* ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಹೋಗಬೇಡಿ.
* ಹಾರಿಸುವಾಗ ಉದ್ದ ಕೂದಲು ಕಟ್ಟಿ, ದುಪಟ್ಟಾ, ಸೆರಗು ಸಿಕ್ಕಿಸಿಕೊಳ್ಳಿ. ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಶೂ ಇರಲಿ.
* ಜನರ ತಲೆಯ ಮೇಲೆ, ರಸ್ತೆಯ ಮೇಲೆ, ವಿದ್ಯುತ್ ತಂತಿ ಹತ್ತಿರ ಹಾರಿಸಬೇಡಿ. ಡ್ರೋನ್ ಸದಾ ಕಣ್ಣಿಗೆ ಕಾಣುವಂತಿರಲಿ.