ಆಟದ ಪಂಥವೂ ಪ್ರೇಕ್ಷಕರ ಅಭಿಮಾನವೂ

ಅಂಗಳದಲ್ಲಿ ಏಕಕಾಲಕ್ಕೆ ಆಡತಕ್ಕವರು 22 ಮಂದಿ. ಸುತ್ತಲೂ ಕುಳಿತು ನೋಡತಕ್ಕವರು ಸಹಸ್ರಾರು. ಆಟಗಾರನು ನಾಲ್ಕೈದು ವರ್ಷಗಳಲ್ಲಿ ಕಾಲೇಜನ್ನು ಬಿಟ್ಟು ಹೋಗುತ್ತಾನೆ. ಪ್ರೇಕ್ಷಕನಾದರೋ ತನ್ನ ತಾತನ ಕಾಲದ ಸೋಲನ್ನೂ ತನ್ನದೆಂದೇ ಎಣಿಸುತ್ತಾನೆ. ಆದುದರಿಂದ ಕಾಲೇಜುಗಳ ನಡುವಣ ಪಂಥವನ್ನು ಬೆಳೆಸುವವರೂ ಕೆಡಿಸುವವರೂ ಬಹುಮಟ್ಟಿಗೆ ಪ್ರೇಕ್ಷಕರೇ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಅಲಬಾಮಾದ ನಿದರ್ಶನದಿಂದ ಇದನ್ನು ವಿಚಾರಮಾಡೋಣ.

ಅಲ್ಲಿ ಟಸ್ಕಲೂಸಾ ನಗರದಲ್ಲಿ ಅಲಬಾಮಾ ವಿಶ್ವವಿದ್ಯಾನಿಲಯವಿದೆ. ಆಬರ್ನ್ ಎಂಬ ಊರಿನಲ್ಲಿ, ವ್ಯವಸಾಯ ಮತ್ತು ಯಂತ್ರವಿದ್ಯೆಗಳ ಕಾಲೇಜಾಗಿ ಬೆಳೆದುಬಂದ ಆಬರ್ನ್ ವಿಶ್ವವಿದ್ಯಾನಿಲಯವಿದೆ. ಇವೆರಡರ ಫುಟ್‌ಬಾಲ್ ಪಂದ್ಯ 1893ರಲ್ಲಿ ಮೊದಲಾಯಿತು. ಇದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಆಟ. 1907ರ ಪಂದ್ಯ ಸರಿಸಮನಾಗಿ ಮುಗಿಯಿತು. ಬಳಿಕ ಆಟಗಾರರ ದಿನಖರ್ಚು, ತೀರ್ಪುಗಾರರ ಆಯ್ಕೆ ಮುಂತಾದ ಅಲ್ಪ ವಿಷಯಗಳಲ್ಲಿ ಮನಸ್ತಾಪ ಹುಟ್ಟಿ, 41 ವರ್ಷಗಳ ಕಾಲ ಪಂದ್ಯವೇ ನಿಂತುಹೋಯಿತು.

ಆದರೆ ಜನರ ಆಸಕ್ತಿ ನಿಲ್ಲಲಿಲ್ಲ. 1947ರಲ್ಲಿ ಆ ಸಂಸ್ಥಾನದ ಶಾಸನಸಭೆಯೇ ಪಂದ್ಯ ಮತ್ತೆ ನಡೆಯಬೇಕೆಂದು ನಿರ್ಣಯ ಮಾಡಿತು. 1948ರ ಡಿಸೆಂಬರಿನಲ್ಲಿ, ಆಟದ ದಿನ ಬೆಳಗ್ಗೆ, ಎರಡು ಕಡೆಯ ವಿದ್ಯಾರ್ಥಿನಾಯಕರು ಬರ್ಮಿಂಗ್‌ಹ್ಯಾಮ್ ನಗರದ ಉದ್ಯಾನವೊಂದರಲ್ಲಿ ಗುಂಡಿ ತೋಡಿ ಒಂದು ಕೊಡಲಿಯನ್ನು ಹೂಳಿದರು. ಹಗೆ ಮುಗಿಯಿತೆಂಬುದಕ್ಕೆ ಅದು ಆ ದೇಶದ ಮೂಲನಿವಾಸಿಗಳಿಂದ ಬಂದ ಸಂಕೇತ.

ಇಷ್ಟು ಅಭಿಮಾನಕ್ಕೆ ಕಾರಣವೇನು? ಆ ಸಂಸ್ಥಾನದಲ್ಲಿ ಸಂಬಳಕ್ಕಾಡುವ ದೊಡ್ಡ ತಂಡವಿಲ್ಲ. ಜನರ ಒಲವೆಲ್ಲ ಕಾಲೇಜುಗಳ ಕಡೆಗೇ ಹರಿಯುತ್ತದೆ. ಮೇಲಾಗಿ ಎದುರಾಳಿ ಪರದೇಶದವನಲ್ಲ. ನೆರೆಮನೆಯವನು, ಕೆಲವೊಮ್ಮೆ ಒಡಹುಟ್ಟಿದವನು. ಸೋತವನು ಮರುದಿನವೂ ಗೆದ್ದವನ ಮುಖವನ್ನು ನೋಡಲೇಬೇಕು.

ಆಬರ್ನಿನವರು ಗೆದ್ದಾಗ ಟೂಮರ್ಸ್ ಕಾರ್ನರ್ ಎಂಬ ಚೌಕದ ಓಕ್ ಮರಗಳ ಮೇಲೆ ಕಾಗದದ ಸುರುಳಿಗಳನ್ನೆಸೆದು ಸಂಭ್ರಮಿಸುವುದು ರೂಢಿ. 2010ರಲ್ಲಿ ಅವರು 24 ಅಂಕಗಳಷ್ಟು ಹಿಂದೆ ಬಿದ್ದಿದ್ದು, ಕಡೆಗೆ 28–27ರಿಂದ ಗೆದ್ದರು. ಆಮೇಲೆ ಎದುರುಪಕ್ಷದ ಅಭಿಮಾನಿಯೊಬ್ಬನು ಆ ಮರಗಳ ಬುಡಕ್ಕೆ ಕಳೆನಾಶಕ ವಿಷವನ್ನು ಸುರಿದನು. ಸಾಲದೆ, 2011ರ ಜನವರಿಯಲ್ಲಿ ರೇಡಿಯೋ ಕಾರ್ಯಕ್ರಮವೊಂದಕ್ಕೆ ಕರೆಮಾಡಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡನು. ಮರಗಳು ಉಳಿಯಲಿಲ್ಲ, 2013ರಲ್ಲಿ ಅವನ್ನು ಕಡಿಯಬೇಕಾಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅಭಿಮಾನವೇ ಅನರ್ಥವೆನ್ನಬಹುದಾಗಿತ್ತು. ಆದರೆ ಸುದ್ದಿ ತಿಳಿದೊಡನೆ ಆ ಮರಗಳಿಗಾಗಿ ಹಣ ಕೂಡಿಸಿದವರಲ್ಲಿ ಅಲಬಾಮಾ ಪಕ್ಷದ ಅಭಿಮಾನಿಗಳೂ ಇದ್ದರು. ಅದೇ ಏಪ್ರಿಲ್ 27ರಂದು ಟಸ್ಕಲೂಸಾಕ್ಕೆ ಸುಂಟರಗಾಳಿ ಬಡಿದು ಮನೆಮಾರುಗಳು ನೆಲಸಮವಾದಾಗ, ಆಬರ್ನಿನ ಅಭಿಮಾನಿಗಳು ಟೂಮರ್ಸ್ ಚೌಕದ ಹೆಸರಿನಲ್ಲೇ ಒಂದುಗೂಡಿ ನೆರವಿಗೆ ನಿಂತರು. ಆಟಕ್ಕಾಗಿ ಕೂಡಿದ್ದ ಜನರ ಬಳಗವೇ ಪರಿಹಾರದ ಬಳಗವಾಯಿತು.

ಪ್ರವಾಹಕ್ಕೆ ದಡವಿದ್ದರೆ ಅದು ಹೊಲಗದ್ದೆಗಳನ್ನು ಬೆಳೆಸುತ್ತದೆ; ದಡ ಮೀರಿದರೆ ಅವನ್ನೇ ಕೊಚ್ಚುತ್ತದೆ. ಪ್ರೇಕ್ಷಕರ ಅಭಿಮಾನವೂ ಹಾಗೆಯೇ. ಎದುರಾಳಿ ಇಲ್ಲದೆ ತನ್ನ ಆಟವೇ ಇಲ್ಲವೆಂಬ ಅರಿವೇ ಅದರ ದಡ. 41 ವರ್ಷ ಬರಿದಾಗಿದ್ದ ಅಂಗಳ ಆ ಜನರಿಗೆ ಕಲಿಸಿದ ಪಾಠವೂ ಇದೇ. 2015ರಲ್ಲಿ ಆ ಚೌಕದಲ್ಲಿ ಹೊಸ ಓಕ್ ಮರಗಳನ್ನು ನೆಟ್ಟರು.