ಕೊನೆಯ ಹೊಲಕ್ಕೆ ನೀರು ಮುಟ್ಟಬೇಕಾದರೆ

ಚಿಕ್ಕೋಡಿ ತಾಲ್ಲೂಕಿನ ಕರೋಶಿ, ಅತ್ತ ನಿಪ್ಪಾಣಿ, ಇತ್ತ ರಾಯಬಾಗ, ಅಥಣಿ, ಕಾಗವಾಡ. ಈ ಕಬ್ಬಿನ ಸೀಮೆಯಲ್ಲಿ ರಾತ್ರಿಯೂ ದುಡಿಮೆಯ ಹೊತ್ತೇ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಕರೆಂಟ್ ಎಂಬುದು ಸರ್ಕಾರದ ಲೆಕ್ಕ. ಪಾಳಿ ರಾತ್ರಿಗೆ ಬಿತ್ತೆಂದರೆ ರೈತ ನಡುರಾತ್ರಿ ಎದ್ದು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಸಲಿಕೆ ಹಿಡಿದು ಹೊಲಕ್ಕೆ ನಡೆಯುತ್ತಾನೆ. ಒಂದು ಸಾಲು ತುಂಬಿದೊಡನೆ ಒಡ್ಡು ಕಡಿದು ನೀರನ್ನು ಮುಂದಿನ ಸಾಲಿಗೆ ತಿರುವಬೇಕು. ಅದು ತುಂಬುವವರೆಗೆ ಬದುವಿನ ಮೇಲೆ ಕೂತು ಕಾಯಬೇಕು. ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳು ಹಗಲು ರಾತ್ರಿ ಪಾಳಿಯಲ್ಲಿ ನಡೆಯುತ್ತವೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಗೇಟಿನ ಮುಂದೆ ಸರದಿ ಕಾಯುತ್ತವೆ. ಹೀಗೆ ವರ್ಷಗಟ್ಟಲೆ ಮುರಿದ ನಿದ್ದೆ, ಪಾಳಿ ಇಲ್ಲದ ರಾತ್ರಿಯೂ ಕೂಡಿಕೊಳ್ಳುವುದಿಲ್ಲ. ‘ನಿದ್ದಿ ಹತ್ತವಲ್ದು’ ಎಂಬ ಮಾತು ಆಗ ಮನೆಮನೆಯಲ್ಲಿ ಹುಟ್ಟುತ್ತದೆ. ಅದೇ ಹೊತ್ತಿಗೆ ಕೈಯಲ್ಲಿರುವ ಮೊಬೈಲು ಒಂದು ಆಸೆ ತೋರಿಸುತ್ತದೆ: ಕನಸಿನೊಳಗೇ ಎಚ್ಚರಾಗಬಹುದು, ಕನಸನ್ನು ಬೇಕಾದಂತೆ ನಡೆಸಬಹುದು, ಹಾಳಾದ ರಾತ್ರಿಯನ್ನು ಹೀಗಾದರೂ ಬಳಸಿಕೊಳ್ಳಬಹುದು. ಈ ಆಸೆ ಸುಳ್ಳಲ್ಲ. ಆದರೆ ನಿದ್ದೆಗೆಟ್ಟವರು ಅದರ ಬೆನ್ನು ಹತ್ತಿದರೆ ಇರುವ ನಿದ್ದೆಯನ್ನೂ ಕಳೆದುಕೊಳ್ಳುವ ಸಂಭವ ಹೆಚ್ಚು. ನಿದ್ದೆ ಮೊದಲು, ಕನಸಿನ ಸಾಧನೆ ಆಮೇಲೆ. ಈ ಕ್ರಮ ಯಾಕೆ ಮುಖ್ಯ ಎಂಬುದನ್ನು ಬಿಡಿಸಿ ನೋಡಬೇಕು.

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಗೊತ್ತಾಗುವುದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಕನ್ನಡದಲ್ಲಿ ಅರಿವಿನ ಕನಸು ಎನ್ನೋಣ. ಆ ಇಂಗ್ಲಿಷ್ ಹೆಸರನ್ನು ರೂಢಿಗೆ ತಂದದ್ದು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಏಡನ್, 1913ರಲ್ಲಿ. ನಿದ್ದೆಯಲ್ಲಿರುವವನಿಗೆ ಅರಿವು ಇರುವುದು ಹೇಗೆ, ಇದು ನಡುನಡುವೆ ಎಚ್ಚರಾದವರ ಭ್ರಮೆ ಇರಬಹುದು ಎಂದು ವಿಜ್ಞಾನಿಗಳು ಬಹುಕಾಲ ಅನುಮಾನಿಸಿದರು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಒಂದು ಜಾಣ ಪರೀಕ್ಷೆ ಮಾಡಿದರು. ಕನಸಿನ ನಿದ್ದೆಯಲ್ಲಿ ಕೈಕಾಲು ಸ್ವಾಧೀನದಲ್ಲಿರುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಹೊರಳಾಡುತ್ತಿರುತ್ತದೆ. ಹಾಗಾಗಿ, ಕನಸಿನಲ್ಲಿ ಅರಿವು ಬಂದೊಡನೆ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಬೇಕೆಂದು ಅಲನ್ ವರ್ಸ್ಲಿ ಎಂಬವರೊಡನೆ ಮೊದಲೇ ಮಾತಾಡಿಕೊಂಡಿದ್ದರು. ಅವರು ಕನಸಿನ ನಿದ್ದೆಯಲ್ಲಿದ್ದಾಗಲೇ ಆ ಸಂಕೇತ ಯಂತ್ರದಲ್ಲಿ ದಾಖಲಾಯಿತು. ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಇದನ್ನೇ ಸ್ವತಂತ್ರವಾಗಿ ತೋರಿಸಿಕೊಟ್ಟರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನ ಪ್ರಯೋಗಾಲಯಗಳು ಇನ್ನೂ ಮುಂದೆ ಹೋದವು: ಕನಸಿನಲ್ಲಿದ್ದವರಿಗೆ ಎಂಟರಲ್ಲಿ ಆರು ಕಳೆಯುವಂಥ ಸಣ್ಣ ಲೆಕ್ಕ ಕೊಟ್ಟು, ಕಣ್ಣಿನ ಚಲನೆಯಲ್ಲೇ ಉತ್ತರ ಪಡೆದವು. ಐವತ್ತು ವರ್ಷಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2016ರ ಒಂದು ವಿಶ್ಲೇಷಣೆಯ ಪ್ರಕಾರ, ಸುಮಾರು ಶೇಕಡಾ 55 ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ. ಅಂದಮೇಲೆ ಇದು ಸಿದ್ಧರಿಗಷ್ಟೇ ದಕ್ಕುವ ಪವಾಡವೇನೂ ಅಲ್ಲ.

ಆದರೆ ಈ ಕನಸು ರಾತ್ರಿಯ ಯಾವ ಭಾಗದಲ್ಲಿ ಬೀಳುತ್ತದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ನಮ್ಮ ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ದೇಹವನ್ನು ರಿಪೇರಿ ಮಾಡುವ ಗಾಢ ನಿದ್ದೆ ಹೆಚ್ಚು. ಎದ್ದುಕಾಣುವ ಕನಸುಗಳ ‘ರೆಮ್’ ನಿದ್ದೆ ಆರಂಭದಲ್ಲಿ ಕೆಲವೇ ನಿಮಿಷ. ನಸುಕು ಹತ್ತಿರಾದಂತೆ ಉದ್ದವಾಗುತ್ತ ಹೋಗುತ್ತದೆ. ಕಾಲುವೆ ನೀರಾವರಿ ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ನೀರು ಮೊದಲು ತಲೆಯ ಹೊಲಗಳನ್ನು ತಣಿಸಿ, ಕಟ್ಟಕಡೆಗೆ ತುದಿಯ ಹೊಲ ಮುಟ್ಟುತ್ತದೆ. ನಡುವೆ ಎಲ್ಲೇ ಒಡ್ಡು ಒಡೆದರೂ ಒಣಗುವುದು ತುದಿಯ ಹೊಲ. ಕನಸು ರಾತ್ರಿಯ ತುದಿಯ ಹೊಲ. ವಾರಕ್ಕೆ ಕನಿಷ್ಠ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದೆ, ಅಥವಾ ಬಂದದ್ದು ಉಳಿಯದೆ, ಹಗಲಿನ ಕೆಲಸಕ್ಕೂ ಪೆಟ್ಟು ಬಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇಂಥವರ ಮಿದುಳು ರಾತ್ರಿಯೂ ಕಾವಲು ಬಿಡುವುದಿಲ್ಲ. ಅವರ ರೆಮ್ ನಿದ್ದೆಯಲ್ಲಿ ಅವರಿಗೇ ಗೊತ್ತಾಗದಷ್ಟು ಚಿಕ್ಕ ಎಚ್ಚರಗಳು ಹೆಚ್ಚೆಂದು ಜರ್ಮನಿಯ ಡೀಟರ್ ರೀಮನ್ ಮತ್ತು ಸಂಗಡಿಗರು 2012ರಲ್ಲಿ ವಿವರಿಸಿದರು. ಒಟ್ಟಿನಲ್ಲಿ, ಅರಿವಿನ ಕನಸಿಗೆ ಬೇಕಾದ ನೆಲವೇ ಇವರಲ್ಲಿ ಬಿರುಕು ಬಿಟ್ಟಿರುತ್ತದೆ.

ಈಗ ಸಾಧನೆಯ ವಿಧಾನವನ್ನು ಹತ್ತಿರದಿಂದ ನೋಡೋಣ. ಹೆಚ್ಚು ಪ್ರಚಾರದಲ್ಲಿರುವ ಕ್ರಮ ಹೀಗಿದೆ: ಮಲಗಿ ಐದು ಗಂಟೆಯಾದ ಮೇಲೆ ಅಲಾರಾಂ ಇಟ್ಟು ಏಳಬೇಕು. ಕೆಲವು ನಿಮಿಷ ಎಚ್ಚರವಿದ್ದು, ಆಗಷ್ಟೇ ಕಂಡ ಕನಸನ್ನು ನೆನಪಿಗೆ ತಂದುಕೊಳ್ಳಬೇಕು. ‘ಮುಂದಿನ ಸಲ ಕನಸು ಬಿದ್ದಾಗ ಅದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮತ್ತೆ ಮಲಗಬೇಕು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದನ್ನೂ ಜೊತೆಗಿನ ಇನ್ನೊಂದು ಅಭ್ಯಾಸವನ್ನೂ ಕೂಡಿಸಿ ಒಂದು ವಾರ ಮಾಡಿದವರಿಗೆ ಸುಮಾರು ಶೇಕಡಾ 17 ಯತ್ನಗಳಲ್ಲಿ ಅರಿವಿನ ಕನಸು ಬಿತ್ತು. ಸಂಕಲ್ಪ ಮುಗಿಸಿ ಐದೇ ನಿಮಿಷದೊಳಗೆ ನಿದ್ದೆಹೋದವರಲ್ಲಿ ಆ ಪ್ರಮಾಣ ಸುಮಾರು ಶೇಕಡಾ 46ಕ್ಕೆ ಏರಿತು. ನಮ್ಮ ವಾದದ ತಿರುಳು ಈ ಒಂದು ಅಂಕಿಯಲ್ಲಿದೆ. ವಿಧಾನದ ಬಲ ಇರುವುದು ಎದ್ದು ಕೂರುವುದರಲ್ಲಿ ಅಲ್ಲ, ಎದ್ದವರು ಮತ್ತೆ ಥಟ್ಟನೆ ನಿದ್ದೆಗೆ ಜಾರುವುದರಲ್ಲಿ. ನಿದ್ದೆಗೆಟ್ಟವರ ಕೈಗೆ ಸಿಗದೇ ಇರುವುದು ಇದೇ. ನಡುರಾತ್ರಿ ಏಳುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಕಾವಲಿ ತಿರುವಲು ಎದ್ದ ರೈತ ಅದನ್ನು ಬೇಕಿಲ್ಲದೆಯೂ ಮಾಡುತ್ತಲೇ ಇದ್ದಾನೆ. ಎದ್ದ ಮೇಲೆ ಕೋಳಿ ಕೂಗುವವರೆಗೆ ಜಂತಿ ಎಣಿಸುವುದು ಅವನ ಸಂಕಟ.

‘ಹೇಗೂ ಎಚ್ಚರವಾಗೇ ಇರುತ್ತೇನೆ, ಆ ಹೊತ್ತಿನಲ್ಲಿ ಪ್ರಯತ್ನಿಸಿದರೆ ಕಳೆದುಕೊಳ್ಳುವುದೇನು?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಳೆದುಕೊಳ್ಳುವುದು ಮುಖ್ಯವಾಗಿ ಎರಡು. ಮೊದಲನೆಯದು, ಹಾಸಿಗೆಗೂ ನಿದ್ದೆಗೂ ಇರುವ ನಂಟು. ಹಾಸಿಗೆಯ ಮೇಲೆ ಎಚ್ಚರವಾಗಿ ಹೆಣಗಿದಷ್ಟೂ ಮನಸ್ಸು ಆ ಜಾಗವನ್ನು ಹೆಣಗಾಟದ ಜಾಗವೆಂದೇ ಕಲಿತುಬಿಡುತ್ತದೆ. ಈ ಕಲಿಕೆಯನ್ನು ಬಿಡಿಸುವ ಚಿಕಿತ್ಸಾಕ್ರಮವನ್ನು ಅಮೆರಿಕದ ರಿಚರ್ಡ್ ಬೂಟ್ಸಿನ್ 1972ರಲ್ಲೇ ರೂಪಿಸಿದರು. ಎರಡನೆಯದು, ನಿದ್ದೆ ಪ್ರಯತ್ನಕ್ಕೆ ಮಣಿಯುವಂಥದ್ದಲ್ಲ. ಗಮನ, ಉದ್ದೇಶ, ಪ್ರಯತ್ನ ಮೂರೂ ನಿದ್ದೆಯ ಮೇಲೆ ಬಿದ್ದಾಗ ನಿದ್ದೆ ದೂರವಾಗುತ್ತದೆ ಎಂದು ಬ್ರಿಟನ್ನಿನ ಕಾಲಿನ್ ಎಸ್ಪಿ 2006ರಲ್ಲಿ ವಿವರಿಸಿದರು. ‘ಇವತ್ತಾದರೂ ನಿದ್ದೆ ಬರಲಿ’ ಎಂಬ ಒಂದು ಒತ್ತಡಕ್ಕೆ ‘ಇವತ್ತಾದರೂ ಕನಸಿನಲ್ಲಿ ಎಚ್ಚರಾಗಲಿ’ ಎಂಬ ಇನ್ನೊಂದನ್ನು ಕೂಡಿಸಿದರೆ ಭಾರ ಇಮ್ಮಡಿಯಾಗುತ್ತದೆ. ಜೊತೆಗೆ ಮುರಿದ ನಿದ್ದೆಯಲ್ಲಿ ಇನ್ನೊಂದು ಅನುಭವಕ್ಕೂ ದಾರಿಯಾಗುತ್ತದೆ: ಕಣ್ಣು ತೆರೆದಿದೆ, ಮೈ ಅಲುಗದು, ಎದೆಯ ಮೇಲೆ ಯಾರೋ ಕೂತಂತಿದೆ. ರೆಮ್ ನಿದ್ದೆಯ ಸ್ನಾಯುಸಡಿಲು ಎಚ್ಚರದೊಳಕ್ಕೂ ಚಾಚಿಕೊಂಡಾಗ ಹೀಗಾಗುತ್ತದೆ. ಅದರಿಂದ ಪ್ರಾಣಾಪಾಯವಿಲ್ಲ, ಆದರೆ ಅದನ್ನು ದೆವ್ವದ ಕಾಟವೆಂದು ತಿಳಿದು ಹೆದರಿದವರಿಗೆ ಮಲಗುವುದೇ ಭಯವಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಿದ್ರಾಹೀನತೆ ಇರುವ 48 ಜನರಿಗೆ ಅರಿವಿನ ಕನಸಿನ ತರಬೇತಿ ಕೊಟ್ಟ ಜೇಸನ್ ಎಲ್ಲಿಸ್ ಮತ್ತು ಸಂಗಡಿಗರ ಅಧ್ಯಯನವೊಂದರಲ್ಲಿ ಅವರ ನಿದ್ದೆಯ ತೊಂದರೆ, ಆತಂಕ, ಖಿನ್ನತೆಗಳು ಇಳಿದದ್ದು ಕಂಡುಬಂದಿದೆ. ಇದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ಆದರೆ ಅದು ಆರಂಭಿಕ ಹಂತದ ಸಣ್ಣ ಪ್ರಯತ್ನ, ತಾವು ಯಾವ ತರಬೇತಿ ಪಡೆಯುತ್ತಿದ್ದೇವೆಂಬುದು ಭಾಗವಹಿಸಿದವರಿಗೆ ಗೊತ್ತಿತ್ತು. ತಜ್ಞರು ಜೊತೆಗಿದ್ದು ಕಲಿಸುವುದಕ್ಕೂ, ಒಬ್ಬರೇ ಕತ್ತಲಲ್ಲಿ ಅಲಾರಾಂ ಇಟ್ಟು ಹೆಣಗುವುದಕ್ಕೂ ಬಹಳ ಅಂತರವಿದೆ. ದುಃಸ್ವಪ್ನಗಳ ಭಯಕ್ಕೇ ನಿದ್ದೆ ಬಿಟ್ಟವರ ಮಾತು ಬೇರೆ. ಅರಿವಿನ ಕನಸು ಹೆಚ್ಚಾಗಿ ಬೀಳುವವರ ನಿದ್ದೆ ಕಳಪೆಯಾಗಿ ಕಾಣುವುದಕ್ಕೂ ದುಃಸ್ವಪ್ನಗಳೇ ಬಹುಮಟ್ಟಿಗೆ ಕಾರಣವೆಂದು ಜರ್ಮನಿಯ ಸಂಶೋಧಕರು 2018ರಲ್ಲಿ ತೋರಿಸಿದರು. ಇದು ಅರಿವಿನ ಕನಸಿನ ಪರವಾಗಿರುವ ಸಾಕ್ಷ್ಯವೇ. ಕನಸು ಎಂದು ಗೊತ್ತಾದರೆ ಅದರ ಭಯ ಕರಗಬಹುದು ಎಂಬುದೂ ನಿಜ. ಆದರೆ ದುಃಸ್ವಪ್ನ ಕಾಡುವವರಿಗೆ ನಿದ್ದೆ ಮುರಿಯದ ದಾರಿಯೊಂದಿದೆ: ಹಗಲು ಹೊತ್ತು ಆ ಕೆಟ್ಟ ಕನಸಿನ ಕತೆಯನ್ನು ತಮಗೆ ಬೇಕಾದಂತೆ ಬದಲಿಸಿ ಬರೆದು, ಹೊಸ ಕತೆಯನ್ನು ದಿನಾ ಕೆಲವು ನಿಮಿಷ ಕಣ್ಣಮುಂದೆ ತಂದುಕೊಳ್ಳುವುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರಲ್ಲಿ ಈ ಕ್ರಮವನ್ನು ಪರೀಕ್ಷಿಸಿದ ಬ್ಯಾರಿ ಕ್ರಾಕೋ ಅವರ 2001ರ ಅಧ್ಯಯನದಲ್ಲಿ ದುಃಸ್ವಪ್ನಗಳು ಕಡಿಮೆಯಾದವು, ನಿದ್ದೆಯೂ ಸುಧಾರಿಸಿತು.

ಮೂರನೆಯ ಆಕ್ಷೇಪ ನಮ್ಮ ಪರಂಪರೆಯ ಕಡೆಯಿಂದ ಬರುತ್ತದೆ. ಜಾಗೃತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ಅವಸ್ಥೆಗಳನ್ನು ಹನ್ನೆರಡೇ ಮಂತ್ರಗಳಲ್ಲಿ ವಿಚಾರಿಸಿದ ಮಾಂಡೂಕ್ಯ ಉಪನಿಷತ್ತು ನಮ್ಮದು. ಟಿಬೆಟಿನ ಬೌದ್ಧರಲ್ಲಿ ಸ್ವಪ್ನಯೋಗವೇ ಒಂದು ಸಾಧನೆ. ಅವರ ದೊಡ್ಡ ಮಠಗಳು ನಮ್ಮ ಮುಂಡಗೋಡ, ಬೈಲುಕುಪ್ಪೆಗಳಲ್ಲೇ ಇವೆ. ಹಾಗಿದ್ದ ಮೇಲೆ ಅಂಜಿಕೆ ಯಾಕೆ? ಈ ಪರಂಪರೆಗಳು ಹೇಳುವುದೂ ಕ್ರಮವನ್ನೇ ಎಂಬುದು ಇದಕ್ಕೆ ಉತ್ತರ. ಸ್ವಪ್ನಯೋಗ ಗುರುವಿನ ಬಳಿ, ಮನಸ್ಸನ್ನು ನಿಲ್ಲಿಸುವ ಪ್ರಾಥಮಿಕ ಸಾಧನೆಗಳಾದ ಮೇಲೆ ಬರುವಂಥದ್ದು. ಮಾಂಡೂಕ್ಯವಾದರೂ ಸ್ವಪ್ನವನ್ನು ಆಳುವ ಮಾತಾಡುವುದಿಲ್ಲ. ಕನಸಿಲ್ಲದ ಸುಷುಪ್ತಿಗೆ ಅಲ್ಲಿ ಸ್ವಪ್ನಕ್ಕಿಂತ ಮುಂದಿನ ಸ್ಥಾನ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಂದು ಕುಟ್ಟಿ ಮತ್ತು ಸಂಗಡಿಗರು ವಿಪಶ್ಯನ ಧ್ಯಾನಿಗಳ ನಿದ್ದೆಯನ್ನು ಯಂತ್ರದಲ್ಲಿ ಅಳೆದಾಗ, ನಡುವಯಸ್ಸಿಗೆ ಸಾಮಾನ್ಯವಾಗಿ ಕಡಿಮೆಯಾಗುವ ಗಾಢ ನಿದ್ದೆ ಅವರಲ್ಲಿ ಉಳಿದುಕೊಂಡದ್ದು ಕಂಡಿತು. ಈ ಧ್ಯಾನಿಗಳು ಅರಿವನ್ನು ಬೆಳೆಸಿಕೊಂಡದ್ದು ಹಗಲಿನ ಕೂರುವಿಕೆಯಲ್ಲಿ, ರಾತ್ರಿಯ ನಿದ್ದೆಯನ್ನು ಒಡೆದು ಅಲ್ಲ. ಕನಸಿನಲ್ಲಿ ಎಚ್ಚರಾಗಬೇಕೆನ್ನುವ ನಿದ್ದೆಗೆಟ್ಟವರಿಗೆ ಇದೇ ಒಳ್ಳೆಯ ಬಾಗಿಲು.

ಹಾಗಾದರೆ ನಿದ್ದೆಯನ್ನು ಮೊದಲು ಕಟ್ಟುವುದು ಹೇಗೆ? ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಡವಳಿಕೆಯ ಚಿಕಿತ್ಸೆ ಕೊಡಬೇಕೆಂದು ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಅದರ ಮುಖ್ಯ ಅಂಶಗಳು ಸರಳ. ದಿನಾ ಏಳುವ ಹೊತ್ತು ಒಂದೇ ಇರಲಿ. ನಿದ್ದೆ ತೂಗಿದಾಗಷ್ಟೇ ಹಾಸಿಗೆಗೆ ಹೋಗಿ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಗೆ ಬಂದು ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ಕಣ್ಣು ಎಳೆದಾಗ ಮರಳಿ ಮಲಗಿ, ಗಡಿಯಾರ ನೋಡಬೇಡಿ. ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕುಗ್ಗಿಸಿ ನಿದ್ದೆಯನ್ನು ಗಟ್ಟಿಮಾಡುವ ಕ್ರಮವೂ ಇದೆ, ಆದರೆ ಮೂರ್ಛೆರೋಗ ಇರುವವರು, ರಾತ್ರಿ ವಾಹನ ಓಡಿಸುವವರು ವೈದ್ಯರ ನಿಗಾದಲ್ಲಷ್ಟೇ ಅದನ್ನು ಮಾಡಬೇಕು. ಚಹಾದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆಯ ಚಹಾ ರಾತ್ರಿಯವರೆಗೂ ನಿಲ್ಲುತ್ತದೆ. ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಒಂದು ಮಾತು ಒತ್ತಿ ಹೇಳಬೇಕು: ನಿಕೋಟಿನ್ ಉತ್ತೇಜಕ. ನಡುರಾತ್ರಿ ಎದ್ದು ಸೇದಿದ ಬೀಡಿ ಸಮಾಧಾನ ತಂದಂತೆ ಕಂಡರೂ ನಿದ್ದೆಯನ್ನು ದೂಡುತ್ತದೆ. ಜೋರು ಗೊರಕೆ, ಉಸಿರು ಕಟ್ಟಿ ಏಳುವುದು, ಬಹುದಿನದ ಬೇಸರ, ಬದುಕು ಬೇಡವೆನಿಸುವುದು ಇದ್ದರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಇದೆಲ್ಲ ಪಟ್ಟಣದವರಿಗೆ ಸರಿ, ಕರೆಂಟೇ ರಾತ್ರಿ ಬಂದರೆ ಹೊತ್ತಿಗೆ ಸರಿಯಾಗಿ ಮಲಗುವುದು ಹೇಗೆ?’ ಎಂಬ ಮಾತಿಗೆ ಬರಿಯ ಉಪದೇಶ ಉತ್ತರವಾಗದು. ರಾತ್ರಿ ಪಾಳಿಯವರು ಹಗಲು ಕತ್ತಲು ಮಾಡಿದ ಕೋಣೆಯಲ್ಲಿ ಒಂದೇ ಹೊತ್ತಿಗೆ ಮಲಗುವ ರೂಢಿ ಇಟ್ಟುಕೊಳ್ಳಬಹುದು, ಆ ಹೊತ್ತಿನಲ್ಲಿ ಎಬ್ಬಿಸದಿರುವ ಹೊಣೆ ಮನೆಯವರು ಹೊರಬಹುದು. ಅದಕ್ಕಿಂತ ಹೆಚ್ಚಿನದು ಆಳುವವರ ಕೈಯಲ್ಲಿದೆ. ಹಗಲು ಹೊತ್ತು ತ್ರೀಫೇಸ್ ಕೊಡಿ ಎಂಬ ರೈತರ ಬೇಡಿಕೆಯನ್ನು ಹಾವು, ಚೇಳು, ಶಾಕ್‌ಗಳ ಅಪಾಯದ ಜೊತೆ ನಿದ್ದೆಯ ಬೇಡಿಕೆಯೆಂದೂ ಓದಬೇಕು. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯ ಸೌರ ವಿದ್ಯುತ್ತು ಫೀಡರುಗಳಿಗೆ ಹಗಲೇ ಹರಿದಷ್ಟೂ ಹೊಲದವರ ರಾತ್ರಿಗಳು ಅವರಿಗೆ ಮರಳಿ ಸಿಗುತ್ತವೆ. ನಿದ್ದೆ ಹೀಗೆ ಕೂಡಿಕೊಂಡ ಮೇಲೆ, ಯಾವ ಅಲಾರಾಂ ಇಲ್ಲದೆ, ಬೆಳಗ್ಗೆ ತಾನಾಗಿ ಎಚ್ಚರಾದಾಗ ಕಂಡ ಕನಸನ್ನು ಬರೆದಿಡುವುದರಿಂದ ಅರಿವಿನ ಕನಸಿನ ಅಭ್ಯಾಸ ಶುರುಮಾಡಬಹುದು. ಆಗ ಅದು ಹಾಳಾದ ರಾತ್ರಿಗೆ ಹಾಕುವ ತೇಪೆಯಾಗದೆ, ತುಂಬಿದ ರಾತ್ರಿಯ ಬೆಳೆಯಾಗಿರುತ್ತದೆ. ತಲೆಯ ಹೊಲದ ಒಡ್ಡುಗಳು ಗಟ್ಟಿಯಾಗಿದ್ದರೆ ತುದಿಯ ಹೊಲಕ್ಕೆ ನೀರನ್ನು ಯಾರೂ ಹೊತ್ತು ಹಾಕಬೇಕಿಲ್ಲ.