ಬೈಲಾ ತಿದ್ದುವ ಮೊದಲು ತಲೆ ಎಣಿಸಿ

ನಿಮ್ಮ ಬಡಾವಣೆಯ ಸಂಘದ ಬೈಲಾವನ್ನು ನೀವು ಕೊನೆಯ ಬಾರಿ ಓದಿದ್ದು ಯಾವಾಗ? ಹೆಚ್ಚಿನವರ ಉತ್ತರ ‘ಓದಿಯೇ ಇಲ್ಲ’ ಎಂದಿರಬಹುದು. ಅದು ಕಾರ್ಯದರ್ಶಿಗಳ ಮನೆಯ ಬೀರುವಿನಲ್ಲಿ, ಹಳೆಯ ರಸೀದಿ ಪುಸ್ತಕಗಳ ಕೆಳಗೆ ಮಲಗಿರುತ್ತದೆ. ಜಗಳ ಬಂದ ದಿನ ಮಾತ್ರ ಎದ್ದು ಬರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ನಮ್ಮ ವೀಕ್ಷಕರು ಈ ವಿಷಯವನ್ನು ತುಸು ಹೆಚ್ಚಾಗಿಯೇ ಗಮನಿಸಬೇಕು. 2017ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದಾಗ ಆ ಪಟ್ಟಿಯಲ್ಲಿ ಅಜ್ಜಂಪುರವೂ ಇತ್ತು. ಅಲ್ಲಿಯವರೆಗೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಊರು ತಾನೇ ತಾಲ್ಲೂಕು ಕೇಂದ್ರವಾಯಿತು. ಊರಿನ ಬೋರ್ಡುಗಳು ಬದಲಾದವು. ಆದರೆ ಸಂಘಗಳ ಬೈಲಾ ತಾನಾಗಿ ಬದಲಾಗುವುದಿಲ್ಲ.

ಈ ಸೀಮೆಗೆ ಇದು ಹೊಸ ಅನುಭವವೇನೂ ಅಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಾಗದದಲ್ಲಿ ಹಳೆಯ ಹೆಸರು ಉಳಿದರೆ ಸಾಮಾನ್ಯವಾಗಿ ಯಾರಿಗೂ ನಷ್ಟವಿಲ್ಲ. ಕೇವಲ ವಿಳಾಸದ ಮಾತಾದರೆ ಒಂದು ಸಾಲಿನ ತಿದ್ದುಪಡಿಯಲ್ಲಿ ಮುಗಿಯುತ್ತದೆ. ಆದರೆ ಹೀಗೊಂದು ನಿಯಮವಿದೆ ಎಂದು ಭಾವಿಸಿ: ‘ತರೀಕೆರೆ ತಾಲ್ಲೂಕಿನಲ್ಲಿ ವಾಸವಾಗಿರುವವರು ಮಾತ್ರ ಸದಸ್ಯರಾಗಿರಲು ಅರ್ಹರು.’ ಇಪ್ಪತ್ತು ವರ್ಷ ಚಂದಾ ಕಟ್ಟಿದ ಅಜ್ಜಂಪುರದ ಸದಸ್ಯರು ಮನೆ ಬಿಟ್ಟು ಕದಲಿಲ್ಲ. ತಾಲ್ಲೂಕೇ ಅವರ ಕಾಲಡಿಯಿಂದ ಸರಿಯಿತು. ಈಗ ಅವರು ಸದಸ್ಯರೋ ಅಲ್ಲವೋ? ಅವರನ್ನು ಉಳಿಸಿಕೊಳ್ಳುವ ತಿದ್ದುಪಡಿಗೆ ಅವರೇ ಮತ ಹಾಕಬಹುದೋ ಇಲ್ಲವೋ?

ನನ್ನ ಅಭಿಪ್ರಾಯ ಸ್ಪಷ್ಟ. ಸದಸ್ಯತ್ವ ಗಾಳಿಗೆ ಹಾರಿ ಹೋಗುವಂಥದ್ದಲ್ಲ. ಬೈಲಾದಲ್ಲಿ ಹೇಳಿದ ಕ್ರಮದಲ್ಲಿಯೇ ಅದು ಕೊನೆಗೊಳ್ಳಬೇಕು. ಸದಸ್ಯರ ಪುಸ್ತಕದಲ್ಲಿ ಹೆಸರಿರುವವರೆಗೆ ಅವರಿಗೆ ನೋಟೀಸು ಹೋಗಬೇಕು, ಅವರ ಮತವನ್ನೂ ಎಣಿಸಬೇಕು. ಮೊದಲು ಅವರನ್ನು ಕೈಬಿಟ್ಟು, ಉಳಿದವರು ಸೇರಿ ‘ಸೇರಿಸಿಕೊಳ್ಳೋಣವೇ’ ಎಂದು ಕೇಳುವುದು ನ್ಯಾಯವಲ್ಲ.

ಈ ಒಂದು ಪ್ರಶ್ನೆಯ ಹಿಂದೆಯೇ ಬೈಲಾ ತಿದ್ದುಪಡಿಯ ನಿಜವಾದ ತೊಡಕು ಇರುವುದು. ಯಾವ ಸಾಲು ತಿದ್ದಬೇಕು ಎಂಬುದರ ಬಗ್ಗೆ ಸಂಘಗಳು ತಿಂಗಳುಗಟ್ಟಲೆ ಚರ್ಚಿಸುತ್ತವೆ. ಮತ ಎಣಿಸುವಾಗ ಯಾರನ್ನು ಎಣಿಸಬೇಕು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬಿ.ಎಸ್ಸಿ. ಓದಿದವನು, ಭಿನ್ನರಾಶಿ ಕಂಡರೆ ಮೊದಲು ಛೇದವನ್ನು ನೋಡುವ ಚಾಳಿ ಇದೆ. ‘ಮೂರನೇ ಎರಡು ಬಹುಮತ’ ಎಂದರೆ ಯಾವುದರಲ್ಲಿ ಮೂರನೇ ಎರಡು?

ಒಂದು ಲೆಕ್ಕ ಮಾಡೋಣ. ಸಂಘದ ಪುಸ್ತಕದಲ್ಲಿ 120 ಹೆಸರುಗಳಿವೆ. ಸಭೆಗೆ 60 ಜನ ಬಂದರು. ಇಷ್ಟು ಜನ ಬಂದರೆಂದರೆ ಅದೇ ಒಂದು ಹಬ್ಬ. ಬೈಲಾದಲ್ಲಿ ‘ಒಟ್ಟು ಸದಸ್ಯರ ಮೂರನೇ ಎರಡು’ ಎಂದಿದ್ದರೆ 80 ಮತ ಬೇಕು. ಬಂದ ಅರವತ್ತೂ ಜನ ಎರಡೂ ಕೈ ಎತ್ತಿದರೂ ತಿದ್ದುಪಡಿ ಬಿದ್ದುಹೋಯಿತು. ‘ಹಾಜರಿದ್ದ ಸದಸ್ಯರ’ ಎಂದಿದ್ದರೆ 40 ಸಾಕು. ಇನ್ನು, 36 ಜನ ಪರ, 14 ಜನ ವಿರೋಧ, 10 ಜನ ತಟಸ್ಥ ಎಂದಿಟ್ಟುಕೊಳ್ಳಿ. ಹಾಜರಿದ್ದವರ ಲೆಕ್ಕದಲ್ಲಿ ಸೋಲು. ‘ಹಾಜರಿದ್ದು ಮತ ಚಲಾಯಿಸಿದವರ’ ಎಂದಿದ್ದರೆ ಛೇದ 50ಕ್ಕೆ ಇಳಿಯುತ್ತದೆ, 34 ಮತಕ್ಕೇ ಗೆಲುವು. ಅದೇ ಸಭೆ, ಅದೇ ಕೈಗಳು. ಎರಡು ಪದಗಳು ಫಲಿತಾಂಶವನ್ನು ತಿರುಗಿಸಿದವು.

ಕಾನೂನು ಬರೆದವರು ಈ ಪದಗಳನ್ನು ಅಳೆದು ತೂಗಿಯೇ ಇಟ್ಟಿರುತ್ತಾರೆ. ಸಂವಿಧಾನದ 368ನೇ ವಿಧಿಯನ್ನು ನೋಡಿ. ಸಂವಿಧಾನ ತಿದ್ದಲು ಪ್ರತಿ ಸದನದಲ್ಲೂ ಒಟ್ಟು ಸದಸ್ಯರ ಬಹುಮತ ಬೇಕು. ಜೊತೆಗೆ ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೇ ಎರಡಕ್ಕೆ ಕಡಿಮೆಯಿಲ್ಲದ ಬಹುಮತವೂ ಬೇಕು. ಎರಡು ಛೇದ, ಎರಡು ಪರೀಕ್ಷೆ. ಸಂಘಗಳ ನೋಂದಣಿಗೆಂದು ಬ್ರಿಟಿಷರು 1860ರಲ್ಲಿ ತಂದ ಕಾಯ್ದೆಯಲ್ಲೂ ಇಂಥದೇ ಎಚ್ಚರ ಕಾಣುತ್ತದೆ. ಸಂಘದ ಉದ್ದೇಶ ಬದಲಿಸಬೇಕಾದರೆ ಹತ್ತು ದಿನ ಮುಂಚೆ ಪ್ರತಿಯೊಬ್ಬ ಸದಸ್ಯರಿಗೂ ಲಿಖಿತ ವರದಿ ತಲುಪಿಸಬೇಕು. ಸದಸ್ಯರ ಐದನೇ ಮೂರು ಭಾಗ ಒಪ್ಪಬೇಕು. ಒಂದು ತಿಂಗಳ ಅಂತರದಲ್ಲಿ ಮತ್ತೊಂದು ವಿಶೇಷ ಸಭೆ ಸೇರಿ, ಅಲ್ಲಿ ಹಾಜರಿದ್ದವರ ಐದನೇ ಮೂರು ಭಾಗ ಅದನ್ನು ದೃಢಪಡಿಸಬೇಕು. ಬಿಸಿಯಲ್ಲಿ ತೆಗೆದುಕೊಂಡ ತೀರ್ಮಾನ ತಣ್ಣಗಾದ ಮೇಲೂ ನಿಲ್ಲುವುದೇ ಎಂದು ನೋಡುವ ಉಪಾಯವಿದು.

ನಮ್ಮಲ್ಲಿ ನಡೆಯುವುದು ರಾಜ್ಯದ್ದೇ ಆದ 1960ರ ಸಂಘಗಳ ನೋಂದಣಿ ಕಾಯ್ದೆ. ಏಳು ಜನ ಸೇರಿ ಸಂಘ ಕಟ್ಟಿದಾಗ ಎರಡು ದಾಖಲೆ ಕೊಟ್ಟಿರುತ್ತಾರೆ. ಒಂದು, ಸಂಘದ ಹೆಸರು ಮತ್ತು ಉದ್ದೇಶ ಹೇಳುವ ಮೆಮೊರಾಂಡಂ. ಇನ್ನೊಂದು, ಸದಸ್ಯತ್ವ, ಚುನಾವಣೆ, ಸಭೆಗಳನ್ನು ಕುರಿತ ನಿಯಮಗಳು. ರೂಢಿಯಲ್ಲಿ ಎರಡನ್ನೂ ಒಟ್ಟಾಗಿ ಬೈಲಾ ಎನ್ನುತ್ತೇವೆ. ಆದರೆ ಕಾಯ್ದೆ ಇವೆರಡರ ತಿದ್ದುಪಡಿಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ನೀವೂ ನೋಟೀಸಿನಲ್ಲಿ ಬೇರೆಯಾಗಿಯೇ ಹೇಳಬೇಕು. ಹಾಲಿನ ಸಂಘ, ಪತ್ತಿನ ಸಂಘಗಳ ದಾರಿ ಬೇರೆ. ಅವು 1959ರ ಸಹಕಾರ ಸಂಘಗಳ ಕಾಯ್ದೆಗೆ ಸೇರಿದವು. ಅಲ್ಲಿ ನಿಬಂಧಕರು ನೋಂದಾಯಿಸುವವರೆಗೆ ತಿದ್ದುಪಡಿಗೆ ಜೀವವೇ ಇಲ್ಲ.

ಮತ್ತೆ ನಮ್ಮ 120ಕ್ಕೆ ಬರೋಣ. ಆ ಪುಸ್ತಕವನ್ನು ತೆರೆದು ಕುಳಿತರೆ 18 ಜನ ತೀರಿಕೊಂಡಿರುತ್ತಾರೆ. 12 ಜನ ಮನೆ ಮಾರಿ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಿರುತ್ತಾರೆ. ಉಳಿದವರು 90. ಅದರ ಮೂರನೇ ಎರಡು ಸರಿಯಾಗಿ 60. ಬಿದ್ದುಹೋಗಿದ್ದ ತಿದ್ದುಪಡಿ ಎದ್ದು ನಿಲ್ಲುತ್ತದೆ! ಆದರೆ ಇಲ್ಲೊಂದು ಅಪಾಯವೂ ಇದೆ. ಪಟ್ಟಿ ಶುದ್ಧಿ ಮಾಡುವ ನೆಪದಲ್ಲಿ ಬೇಡದವರ ಹೆಸರು ತೆಗೆದುಹಾಕುವುದು ಎಲ್ಲ ಕಡೆಯೂ ನಡೆಯುವ ಹಳೆಯ ಆಟ. ನಾನಿದ್ದ ಒಂದು ಬೀದಿಯ ಸಂಘದಲ್ಲಿಯೇ ಇದನ್ನು ಕಂಡಿದ್ದೇನೆ; ಚಂದಾ ಬಾಕಿ ಎಂದು ನನ್ನ ಹೆಸರೂ ಹೋಗಿತ್ತು, ರಸೀದಿ ನನ್ನ ಕೈಯಲ್ಲೇ ಇತ್ತು. ಆದ್ದರಿಂದ ಸಭೆಗೆ ಸಾಕಷ್ಟು ಮೊದಲೇ ಪಟ್ಟಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿ. ಆಕ್ಷೇಪಣೆಗೆ ದಿನ ಕೊಡಿ. ಊರು ಬಿಟ್ಟವರ ಹೆಸರನ್ನು ಬೈಲಾ ಅವಕಾಶ ಕೊಟ್ಟರೆ ಮಾತ್ರ, ಅವರಿಗೆ ಪತ್ರ ಬರೆದು, ಆಮೇಲೆ ತೆಗೆಯಿರಿ.

ನೋಟೀಸಿನಲ್ಲಿ ‘ಬೈಲಾ ತಿದ್ದುಪಡಿ’ ಎಂಬ ಎರಡೇ ಪದ ಹಾಕಿ ಕಳಿಸಬೇಡಿ. ಎಡಗಡೆ ಹಳೆಯ ನಿಯಮ, ಬಲಗಡೆ ಹೊಸದು, ಹೀಗೆ ಎದುರುಬದುರಾಗಿ ಅಚ್ಚು ಹಾಕಿಸಿ. ಅಜ್ಜಿಯೂ ಓದಿ ತಿಳಿಯಬೇಕು. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಬಾಲದಲ್ಲಿ ತಿದ್ದುಪಡಿಯನ್ನು ತೂರಿಸುವುದಂತೂ ಬೇಡವೇ ಬೇಡ. ತರೀಕೆರೆ ಕಡೆ ಅಡಿಕೆ ಕೊಯ್ಲು, ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲ ನೋಡಿಕೊಂಡು ದಿನ ಗೊತ್ತುಮಾಡಿ. ಸುಗ್ಗಿಯಲ್ಲಿ ಸಭೆ ಕರೆಯುವುದೂ ಒಂದು ಬಗೆಯಲ್ಲಿ ಮತ ಕಸಿದ ಹಾಗೆಯೇ.

ಕೋರಂ ಇಲ್ಲದೆ ಸಭೆ ಮುಂದೂಡಿ, ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಸೇರುವ ಪದ್ಧತಿ ನಿಮಗೆ ಗೊತ್ತಿದೆ. ಎರಡನೇ ಸಭೆಗೆ ಕೋರಂ ಬೇಡ ಎಂದು ಬೈಲಾ ಹೇಳಿರಬಹುದು. ಆದರೆ ಅದು ಸಭೆ ನಡೆಸಲು ಕೊಟ್ಟ ಅನುಮತಿ ಮಾತ್ರ. ತಿದ್ದುಪಡಿಗೆ ಬೇಕಾದ ಬಹುಮತ ಅದರಿಂದ ಒಂದು ಮತದಷ್ಟೂ ತಗ್ಗುವುದಿಲ್ಲ. ವಾಟ್ಸ್ಆಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿದ್ದನ್ನು ಮತವೆಂದು ಎಣಿಸುವವರೂ ಈಗ ಇದ್ದಾರೆ. ಬೈಲಾದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಅದು ಬರಿಯ ಹೆಬ್ಬೆರಳು.

ಮತ ಹಾಕಿಸುವಾಗ ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ. ತಾಲ್ಲೂಕಿನ ಹೆಸರು ತಿದ್ದಲು ಎಲ್ಲರೂ ಒಪ್ಪಿಯಾರು. ಅದರ ಜೊತೆ ಅಧ್ಯಕ್ಷರ ಅವಧಿಯನ್ನು ಐದು ವರ್ಷಕ್ಕೆ ಏರಿಸುವುದನ್ನೂ ಕಟ್ಟಿದರೆ ಅನುಮಾನ ಬಂದೇ ಬರುತ್ತದೆ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮದು. ಹಾಗೆ ಮಾಡದೆ, ಪಟ್ಟಿಯಲ್ಲಿದ್ದವರು ಇಷ್ಟು, ಬಂದವರು ಇಷ್ಟು, ಪರ, ವಿರೋಧ, ತಟಸ್ಥ ಇಷ್ಟಿಷ್ಟು ಎಂದು ಅಂಕಿಯಲ್ಲಿ ಬರೆಯಿರಿ. ಹಾಜರಿ ಸಹಿ, ನೋಟೀಸು ತಲುಪಿದ ಸಹಿ, ಗೊತ್ತುವಳಿಯ ನಕಲು ಇವನ್ನೆಲ್ಲ ಚಿಕ್ಕಮಗಳೂರಿಗೆ, ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ತಡಮಾಡದೆ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಹೋದವರು ಸಂಘ ಮೊದಲು ನೋಂದಣಿಯಾದಾಗ ಕೊಟ್ಟ ಬೈಲಾದ ದೃಢೀಕೃತ ಪ್ರತಿಯನ್ನೂ ಕೇಳಿ ತನ್ನಿ. ಬೀರುವಿನಲ್ಲಿರುವ ಪ್ರತಿಗೂ ಅದಕ್ಕೂ ಒಂದೆರಡು ಸಾಲು ವ್ಯತ್ಯಾಸವಿದ್ದರೆ ಆಶ್ಚರ್ಯಪಡಬೇಡಿ.